ಗುಮಾಸ್ತರು ಮೆಟ್ಟಿಲು ತೆಗೆದ ಪ್ರಸಂಗ

‘ತೆಗೆ’ ಎಂಬುದು ಎರಡೇ ಅಕ್ಷರದ ಮಾತು. ನೋಡಲು ಬಲು ಸಾಧು. ಅದರಿಂದ ಬಾಗಿಲು ತೆಗೆಯಬಹುದು, ಧೂಳು ತೆಗೆಯಬಹುದು, ಜಗಳ ತೆಗೆಯಬಹುದು, ಒಬ್ಬನನ್ನು ಕೆಲಸದಿಂದ ತೆಗೆಯಬಹುದು, ಗ್ರಹಚಾರ ಕೆಟ್ಟರೆ ಪ್ರಾಣವನ್ನೂ ತೆಗೆಯಬಹುದು. ಅದೇ ಮಾತಿನಿಂದ ಫೋಟೋವನ್ನೂ ತೆಗೆಯುತ್ತಾರೆ. ಇಷ್ಟೆಲ್ಲ ಹೊರೆಯನ್ನು ಒಂದು ಪುಟ್ಟ ಮಾತಿನ ತಲೆಗೆ ಹೊರಿಸಿದ ಮೇಲೆ ಅದು ಎಂದಾದರೊಂದು ದಿನ ಕಾಲು ಜಾರದೆ ಇದ್ದೀತೆ? ಜಾರಿತು. ಜಾರಿದ್ದು ನಮ್ಮ ಗುಮಾಸ್ತರ ಬಾಯಲ್ಲಿ.

ಗುಮಾಸ್ತರು ಪುರಸಭೆಯ ಜನನ ಮರಣ ವಿಭಾಗದವರು. ಹುಟ್ಟಿದವರನ್ನು ಹುಟ್ಟಿದರೆಂದೂ ಸತ್ತವರನ್ನು ಸತ್ತರೆಂದೂ ಒಪ್ಪಿಕೊಳ್ಳುವುದು ಅವರ ಕೆಲಸ. ನಡುವಿನ ಬದುಕಿಗೆ ಅವರ ಮೇಜಿನ ಮೇಲೆ ಜಾಗವಿರಲಿಲ್ಲ. ಆ ಕೊರತೆಯಿಂದಲೇ ಇರಬೇಕು, ಅವರಿಗೆ ಫೋಟೋದ ಹುಚ್ಚು ಹಿಡಿಯಿತು. ಅದೂ ಬೆರಳು ತಗುಲಿಸಿದರೆ ಮೂಡುವ ಫೋನಿನ ಫೋಟೋ ಅಲ್ಲ. ರೀಲು ಹಾಕಿ, ತೊಳೆದು, ಒಣಗಿಸಿ, ಕತ್ತಲೆಕೋಣೆಯಲ್ಲಿ ಕೂತು ಪ್ರಿಂಟು ಹಾಕುವ ಹಳೇ ಕಾಲದ ಫೋಟೋ.

ಅವರು ಕೊಂಡ ಕ್ಯಾಮರಾದಲ್ಲಿ ಕಣ್ಣಿಡುವ ಕಿಂಡಿಯೇ ಬೇರೆ, ಬೆಳಕು ಒಳಹೋಗುವ ಗಾಜೇ ಬೇರೆ. ಗಾಜಿನ ಮೇಲೆ ಮುಚ್ಚಳ ಕೂತಿದ್ದರೂ ಕಿಂಡಿಯಲ್ಲಿ ಲೋಕವೆಲ್ಲ ಸೊಗಸಾಗಿಯೇ ಕಾಣುತ್ತದೆ. ಹೀಗಾಗಿ ಮೊದಲ ರೀಲು ಆದಿಯಿಂದ ಅಂತ್ಯದವರೆಗೆ ಮುಚ್ಚಳದ ಒಳಮೈಯ ಚಿತ್ರಣವಾಯಿತು. ಎರಡನೆಯ ರೀಲು ಕ್ಯಾಮರಾದ ಒಳಚಕ್ರದ ಹಲ್ಲಿಗೆ ಕಚ್ಚಿಕೊಳ್ಳದೆ, ಇದ್ದಲ್ಲೇ ಇದ್ದು ವಿಶ್ರಾಂತಿ ಪಡೆಯಿತು. ಮೂರನೆಯದನ್ನು ‘ಹೇಗೆ ಬಂದಿದೆ ನೋಡೋಣ’ ಎಂದು ಬಿಸಿಲಿನಲ್ಲಿ ಬಿಚ್ಚಿ ನೋಡಿದರು. ನಾಲ್ಕನೆಯದರಲ್ಲಿ ಒಂದು ಕೆರೆ ಬಂತು. ಅದು ಕೆರೆ ಎಂದು ಮೊದಲೇ ಹೇಳಿಬಿಟ್ಟರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ಇಷ್ಟೂ ಸಾಹಸ ನಡೆದದ್ದು ಮನೆಯ ಬಚ್ಚಲಿನಲ್ಲಿ. ಭಾನುವಾರವಾದರೆ ಅಲ್ಲಿ ಕೆಂಪು ಬಲ್ಬು ಹತ್ತಿತು, ಬಕೆಟ್ಟುಗಳ ಮೇಲೆ ತಟ್ಟೆಗಳು ಕೂತವು, ಹಗ್ಗದ ಮೇಲೆ ಕಾಲುಚೀಲಗಳ ಪಕ್ಕ ಒದ್ದೆ ಫಿಲ್ಮು ಜೋತಾಡಿತು ಎಂದೇ ಲೆಕ್ಕ. ಗುಮಾಸ್ತರ ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿಕೊಡುವವರು; ಸುಳ್ಳು ಲೆಕ್ಕವನ್ನು ಸಹಿಸಿದವರಲ್ಲ.

“ರೀ, ಭಾನುವಾರ ಈ ಮನೇಲಿ ಸ್ನಾನ ಇದೆಯೋ ಇಲ್ಲವೋ?”

“ಕಲೆಗೆ ಸ್ವಲ್ಪ ತ್ಯಾಗ ಬೇಕಾಗುತ್ತೆ ಕಣೇ.”

“ನಿಮ್ಮ ತ್ಯಾಗ ನೀವು ಮಾಡಿ. ನನ್ನ ಸ್ನಾನ ಯಾಕೆ ತ್ಯಾಗ ಮಾಡ್ತೀರಿ? ನೋಡಿ, ಗ್ರಂಥಾಲಯದಲ್ಲಿ ಈ ತಿಂಗಳು ಪ್ರದರ್ಶನ ಇಡ್ತಾರಲ್ಲ, ಅದರಲ್ಲಿ ನಿಮ್ಮದು ಒಂದೇ ಒಂದು ಗೋಡೆ ಹತ್ತಲಿ, ಬಚ್ಚಲು ನಿಮ್ಮದು, ನಾನು ತುಟಿ ಪಿಟಕ್ಕೆನ್ನಲ್ಲ. ಗೋಡೆ ಹತ್ತಲಿಲ್ಲವೋ, ಕ್ಯಾಮರಾ ಅಟ್ಟ ಹತ್ತುತ್ತೆ.”

ಗುಮಾಸ್ತರು ಒಪ್ಪಿದರು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ. ಅಟ್ಟದ ಬೀಗದ ಕೈ ಹೆಂಡತಿಯ ಬಳಿ ಇತ್ತು.

ಪ್ರದರ್ಶನ ನಡೆಸುವವರು ಊರಿನ ಹಳೇ ಸ್ಟುಡಿಯೋದ ಯಜಮಾನರು. ಎಲ್ಲರ ಬಾಯಲ್ಲೂ ಅವರು ಸ್ಟುಡಿಯೋ ತಾತ. ದಿನವಿಡೀ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ಹಿಡಿದು ಕೂರುವ ಆ ಹಿರಿಯರು ಮಾತಿಗೆ ನಿಂತರೆ ಮಾತ್ರ ಗೋಡೆ ಅಳತೆಗೆ ಕಡಿಮೆ ಇಳಿಯುತ್ತಿರಲಿಲ್ಲ. ಗುಮಾಸ್ತರು ಕೆರೆಯನ್ನು ಅವರ ಮುಂದಿಟ್ಟರು.

“ಇದೇನಿದು?”

“ಕೆರೆ, ತಾತ.”

“ಕೆರೆಗೆ ಚಳಿಜ್ವರವಾ? ಹೀಗೆ ನಡುಗ್ತಿದೆ!”

“ಸ್ಫೂರ್ತಿ ಸಿಗಲಿ ಅಂತ ಅಷ್ಟು ದೂರ ಹೋಗಿದ್ದೆ...”

“ಸ್ಫೂರ್ತಿ ಏನು ಬಸ್ಸಲ್ಲಿ ಹೋಗಿ ತರೋ ಸಾಮಾನಾ? ನಿಮ್ಮ ಬೀದೀಲಿ ಬೆಳಕು ಬೀಳಲ್ವಾ? ಅಲ್ಲೇ ಹುಡುಕಿ. ಮೊದಲು ಕ್ಯಾಮರಾ ಮನೇಲಿಟ್ಟು ಬರೀ ಕಣ್ಣಲ್ಲಿ ನೋಡಿ. ದೂರಾನ ಟೇಪು ಹಿಡಿದು ಅಳೀರಿ, ನಿಮ್ಮ ಅಂದಾಜನ್ನ ನಂಬೋ ಹಾಗಿಲ್ಲ. ನಿಲ್ಲೋ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಬೆಳಕನ್ನ ಮೀಟರಲ್ಲಿ ನೋಡಿ. ಇಷ್ಟೆಲ್ಲ ಆದ ಮೇಲೆ ಕ್ಯಾಮರಾ ಮುಟ್ಟಿ.” ಗುಮಾಸ್ತರು ಬಾಗಿಲಿಗೆ ಹೋಗಿದ್ದಾಗ ತಾತ ಮತ್ತೆ ಕರೆದರು. “ಇನ್ನೊಂದು. ಈ ‘ಫೋಟೋ ತೆಗೀತೀನಿ, ಫೋಟೋ ತೆಗೀತೀನಿ’ ಅನ್ನೋದು ಬಿಡಿ. ಫೋಟೋ ಅನ್ನೋದು ಅರ್ಜಿಗೆ ಅಂಟಿಸೋ ವಸ್ತು. ಬಲ್ಲವರು ಬರೀ ‘ತೆಗೀತೀನಿ’ ಅಂತಾರೆ. ಮರ ತೆಗೆದೆ, ಸೇತುವೆ ತೆಗೆದೆ, ಮಂತ್ರಿಗಳನ್ನ ತೆಗೆದೆ. ಅಷ್ಟೇ. ಬಾಯಲ್ಲಿ ಫೋಟೋ ಬರಬಾರದು.”

ಗುಮಾಸ್ತರು ಆ ಮಾತನ್ನು ಪೆಪ್ಪರ್‌ಮಿಂಟಿನಂತೆ ನಾಲಿಗೆಯ ಮೇಲಿಟ್ಟುಕೊಂಡು ಮನೆಯವರೆಗೂ ಚೀಪಿಕೊಂಡು ಬಂದರು. ತೆಗೀತೀನಿ. ಆಹಾ, ಎಂಥ ಗಾಂಭೀರ್ಯ! ಇಷ್ಟು ದಿನ ತಾವು ಫೋಟೋ ಎಂಬ ಬಾಲ ಅಂಟಿಸಿಕೊಂಡೇ ಕೆಟ್ಟದ್ದೆಂದು ಅವರಿಗೆ ಖಾತ್ರಿಯಾಯಿತು. ಗೋಡೆ ಹತ್ತುವವರೆಗೆ ಸಂಗತಿ ಬೀದಿಯಲ್ಲಿ ಯಾರಿಗೂ ತಿಳಿಯಬಾರದು ಎಂದೂ ನಿಶ್ಚಯಿಸಿದರು.

ಇನ್ನು ಆ ಬೀದಿಯ ವೈಖರಿಯನ್ನು ಹೇಳಬೇಕು. ಕಟ್ಟಿದಾಗ ಅದು ಅಗಲವಾಗಿಯೇ ಇತ್ತಂತೆ. ಆಮೇಲೆ ಒಂದೊಂದು ಮನೆಯೂ ನಿದ್ದೆಯಲ್ಲಿ ಕಾಲು ಚಾಚಿದ ಹಾಗೆ ಮೆಟ್ಟಿಲುಗಳನ್ನು ಮುಂದಕ್ಕೆ ಚಾಚಿತು. ಟೈಲರ್ ಮನೆಯ ಮೆಟ್ಟಿಲ ಮೇಲೆ ಗಿರಾಕಿಗಳು ಕೂರುತ್ತಿದ್ದರು. ಬೇಕರಿಯ ತಗಡಿನ ಮಾಡು ಬೀದಿಯ ಅರ್ಧದವರೆಗೆ ಬಂದು ಎದುರುಮನೆಯವರ ಕುಶಲ ವಿಚಾರಿಸುತ್ತಿತ್ತು. ಮೂಲೆಮನೆ ಅಜ್ಜಿಯ ಹೊಸ್ತಿಲು ಎಲ್ಲಕ್ಕಿಂತ ಎತ್ತರ. ಅವರ ಕಲ್ಲಿನ ಮೆಟ್ಟಿಲಂತೂ ರಾಜಸಭೆಗೆ ಇಳಿಯುವಂತೆ ಬೀದಿಯ ನಡುವಿಗೇ ಇಳಿದಿತ್ತು. ಹೊಸ್ತಿಲಿನಿಂದ ಈಚೆಗಿರುವುದೆಲ್ಲ ಪುರಸಭೆಯ ಜಾಗ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದೆ ಎಂದು ಯಾರೂ ಹೇಳುತ್ತಿರಲಿಲ್ಲ, ಅಷ್ಟೇ.

ಅಂಥ ಬೀದಿಯಲ್ಲಿ ಒಂದು ಬೆಳಗ್ಗೆ ಪುರಸಭೆಯ ಗುಮಾಸ್ತರು ಟೇಪು ಹಿಡಿದು ಪ್ರತ್ಯಕ್ಷರಾದರು. ಬೀದಿಯ ನಡುವೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. ಬಗ್ಗಿ ಟೈಲರ್ ಮೆಟ್ಟಿಲಿಗೆ ಟೇಪಿನ ತುದಿ ಹಚ್ಚಿ, ಹಿಂದೆ ಹಿಂದೆ ಸರಿದು, ರಸ್ತೆಯ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದರು. ಟೈಲರ್ ಹೊಲಿಗೆ ಯಂತ್ರದಿಂದ ಕಾಲು ತೆಗೆದು ಹೊರಗೆ ಬಂದ.

“ಏನು ಸಾರ್, ಬೆಳಗ್ಗೆ ಬೆಳಗ್ಗೇನೇ ಅಳತೆ? ಅಳತೆ ತಗೊಳ್ಳೋದು ನನ್ನ ಕೆಲಸ ಅಲ್ವಾ?”

“ನಿಮ್ಮ ಮೆಟ್ಟಿಲು ತೆಗೀಬೇಕು ಅಂತಿದೀನಿ,” ಎಂದರು ಗುಮಾಸ್ತರು, ಗಂಭೀರವಾಗಿ.

ಟೈಲರ್ ಬಾಯಲ್ಲಿದ್ದ ದಾರದ ತುಂಡು ಕೆಳಗೆ ಬಿತ್ತು. “ತೆಗೀಬೇಕು ಅಂದ್ರೆ... ಯಾವಾಗ ಸಾರ್?”

“ಬುಧವಾರ ಬೆಳಗ್ಗೆ. ಬಿಸಿಲು ಎದುರು ಮಾಡಿನಿಂದ ಇಳಿದ ತಕ್ಷಣ.”

“ಇಷ್ಟು ವರ್ಷ ಯಾರೂ ತೆಗೆದಿರಲಿಲ್ಲವಲ್ಲ!”

“ಅದೇ ನನಗೂ ಆಶ್ಚರ್ಯ. ಇಂಥ ಮೆಟ್ಟಿಲನ್ನ ಎಲ್ಲರೂ ಹೇಗೆ ನೋಡ್ಕೊಂಡು ಸುಮ್ಮನಿದ್ರು ಅಂತ.”

“ಸಾರ್, ಮಕ್ಕಳೊಂದಿಗ ನಾನು...”

“ನೀವೇನೂ ಗಾಬರಿಯಾಗಬೇಡಿ. ಒಂದು ಕ್ಷಣದ ಕೆಲಸ. ನಿಮಗೆ ಗೊತ್ತೇ ಆಗಲ್ಲ.”

ಬೇಕರಿಯವರು ಅಷ್ಟರಲ್ಲಿ ಕೈಗೆ ಅಂಟಿದ ಹಿಟ್ಟನ್ನೂ ಒರೆಸಿಕೊಳ್ಳದೆ ಓಡಿ ಬಂದರು. ಗುಮಾಸ್ತರು ಜೇಬಿನಿಂದ ಬೆಳಕು ಅಳೆಯುವ ಮೀಟರನ್ನು, ಅಂದರೆ ಮುಳ್ಳು ಅಲ್ಲಾಡುವ ಒಂದು ಕಪ್ಪು ಡಬ್ಬಿಯನ್ನು, ತೆಗೆದು ತಗಡಿನ ಮಾಡಿಗೆ ಹಿಡಿದರು. ಮುಳ್ಳು ಸರ್ರನೆ ಒಂದು ಕಡೆಗೆ ವಾಲಿತು.

“ನಿಮ್ಮ ತಗಡು ತುಂಬಾ ಮುಂದೆ ಬಂದಿದೆ,” ಎಂದು ಗುಮಾಸ್ತರು ತಲೆಯಾಡಿಸಿದರು. “ಅಡ್ಡ ಆಗುತ್ತೆ. ಇರಲಿ ಬಿಡಿ, ಆಮೇಲೆ ನಾನೇ ಬಚ್ಚಲಲ್ಲಿ ಕೂತು ಕತ್ತರಿಸಿಬಿಡ್ತೀನಿ.”

ಇಷ್ಟು ಉದ್ದದ ತಗಡನ್ನು ಈ ಮನುಷ್ಯ ಬಚ್ಚಲಲ್ಲಿ ಕೂತು ಯಾವುದರಿಂದ ಕತ್ತರಿಸುತ್ತಾನೆಂಬುದು ಬೇಕರಿಯವರಿಗೆ ಹೊಳೆಯಲಿಲ್ಲ. ಹೊಳೆಯದ ವಿಷಯವೇ ಹೆಚ್ಚು ಹೆದರಿಸುವುದು. ಅವರು ಹಿಟ್ಟಿನ ಕೈಯಲ್ಲೇ ಒಳಗೆ ಹೋದರು.

ಮೂಲೆಮನೆ ಅಜ್ಜಿ ಮಾತ್ರ ಮೇಲಿನ ಮೆಟ್ಟಿಲಲ್ಲಿ ಕಾಲು ಚಾಚಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಗುಮಾಸ್ತರು ಅಲ್ಲಿಗೆ ಬಂದು ನಿಂತವರು ಮೈಮರೆತರು. ಓರೆ ಬಿಸಿಲಿನಲ್ಲಿ ಒಂದೊಂದು ಕಲ್ಲಿನ ನೆರಳೂ ಕೆಳಗಿನ ಕಲ್ಲಿನ ಮೇಲೆ ಬಿದ್ದು, ಇಡೀ ಮೆಟ್ಟಿಲು ಪದ್ಯದ ಸಾಲುಗಳ ಹಾಗೆ ಇಳಿದು ಬರುತ್ತಿತ್ತು. ದೇವರು ಬೆಳಕನ್ನು ಎಲ್ಲರಿಗೂ ಸಮನಾಗಿ ಸುರಿದ. ಎಲ್ಲಿ ನಿಂತರೆ ಕಾಣುತ್ತದೆಂಬುದನ್ನು ಮಾತ್ರ ಹೇಳದೆ ಬಿಟ್ಟ. ಇಲ್ಲಿ ನಿಂತರೆ ಕಾಣುತ್ತದೆ! ಅವರು ಬಗ್ಗಿ ದೊಡ್ಡದೊಂದು ಗುರುತು ಹಾಕಿದರು.

“ಏನೋ ಅದು, ನನ್ನ ಮನೆ ಮುಂದೆ ಗೀಚ್ತಿದ್ದೀಯ?”

“ಅಜ್ಜಿ, ಬುಧವಾರ ನಿಮ್ಮ ಮೆಟ್ಟಿಲು ತೆಗೀತೀನಿ. ಇಡೀ ಬೀದೀಲಿ ನನಗೆ ಬೇಕಾಗಿರೋದು ಇದೇ.”

“ನನ್ನನ್ನ?”

“ನಿಮ್ಮನ್ನ ತೆಗೆಯಲ್ಲ ಅಜ್ಜಿ, ಮೆಟ್ಟಿಲು ಮಾತ್ರ. ಜನ ಇದ್ದರೆ ಚೆನ್ನಾಗಿರಲ್ಲ. ನೀವು ಒಂದು ಗಳಿಗೆ ಒಳಗಿದ್ದರೆ ಸಾಕು.”

“ತೆಗೆದು ಎಲ್ಲಿಗೆ ಹಾಕ್ತೀಯೋ?”

“ಗೋಡೆಗೆ! ಗ್ರಂಥಾಲಯದ ಗೋಡೆಗೆ ಹಾಕ್ತೀವಿ. ಊರವರೆಲ್ಲ ಬಂದು ನೋಡ್ತಾರೆ.”

ಅಜ್ಜಿ ಗೋಡೆ ಹಿಡಿದು ಎದ್ದರು. “ನಿಮ್ಮಪ್ಪ ಒಳ್ಳೆಯವನಿದ್ದ,” ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಂದು ಸಂಜೆ ಟೈಲರ್ ಮೆಟ್ಟಿಲ ಮೇಲೆ ಬೀದಿಯ ಮಹಾಸಭೆ ಕೂಡಿತು. ಪಾಪ, ಇನ್ನೆಷ್ಟು ದಿನ ಕೂರುತ್ತೇವೋ ಎಂದು ಎಲ್ಲರೂ ಕಲ್ಲನ್ನು ಸವರಿಕೊಂಡೇ ಕೂತಿದ್ದರು.

“ಗೊತ್ತೇ ಆಗಲ್ಲ ಅಂದ್ರು ನೋಡಿ!” ಎಂದ ಟೈಲರ್. “ಆಪರೇಷನ್ ಮಾಡೋ ಡಾಕ್ಟರು ಹಾಗೇ ಅನ್ನೋದು.”

“ನಿಮ್ಮದಾದರೂ ಟೇಪಲ್ಲಿ ಹೋಯ್ತು,” ಎಂದರು ಬೇಕರಿಯವರು. “ನನಗೆ ಮೆಷಿನ್ ಹಿಡಿದ್ರು. ಮುಳ್ಳು ಹೀಗೆ ವಾಲಿಬಿಡ್ತು!”

“ನಮ್ಮ ಕಲ್ಲು ಕಿತ್ತು ಗ್ರಂಥಾಲಯದ ಗೋಡೆ ಕಟ್ಟಿಸ್ತಾರಂತೆ,” ಎಂದರು ಅಜ್ಜಿ. “ಅದನ್ನ ನೋಡೋಕೆ ಬೇರೆ ಜನ ಬರ್ತಾರಂತೆ.”

ಮನುಷ್ಯ ಮೆತ್ತಗಿನವನು, ವಿಶ್ವಾಸದಿಂದ ಒಲಿಸಿಕೊಳ್ಳೋಣ ಎಂದು ತೀರ್ಮಾನವಾಯಿತು. ಮರುದಿನ ಗುಮಾಸ್ತರ ಮನೆಗೆ ಬೇಕರಿಯಿಂದ ಕೇಕು ಬಂತು. ಟೈಲರ್ ಬಂದು, ಬೇಡವೆಂದರೂ ಕೇಳದೆ, ಅವರ ಪ್ಯಾಂಟುಗಳನ್ನೆಲ್ಲ ಹೊತ್ತುಕೊಂಡು ಹೋಗಿ ಸೊಂಟ ಸರಿಮಾಡಿ ತಂದ. ಗುಮಾಸ್ತರು ನಡೆದು ಬಂದರೆ ಕೂತವರು ಏಳತೊಡಗಿದರು.

“ಕಲಾವಿದನ ಸುತ್ತ ಒಂದು ಪ್ರಭೆ ಮೂಡುತ್ತಂತೆ,” ಎಂದು ಗುಮಾಸ್ತರು ಕನ್ನಡಿಯ ಮುಂದೆ ನಿಂತು ಹೆಂಡತಿಗೆ ವಿವರಿಸಿದರು.

“ಪ್ರಭೆಗೆ ಯಾರೂ ಕೇಕ್ ಕೊಡಲ್ಲ ರೀ. ಅವರಿಗೆ ಏನು ಹೇಳಿದ್ರಿ ನೀವು?”

“ಏನಿಲ್ಲ. ಬುಧವಾರ ಮೆಟ್ಟಿಲು ತೆಗೀತೀನಿ ಅಂದೆ.”

ಮನೆಯಲ್ಲಿ ಕ್ಯಾಮರಾ ಇರುವುದು ಗೊತ್ತಿದ್ದ ಆಕೆಗೆ ಆ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. “ಅಷ್ಟಕ್ಕೇ ಕೇಕಾ?” ಎಂದು ಒಂದು ತುಂಡು ಬಾಯಿಗೆ ಹಾಕಿಕೊಂಡರು.

ಕೇಕು ಖರ್ಚಾಯಿತು, ಸೀಮೆಸುಣ್ಣದ ಗುರುತು ಹಾಗೇ ಉಳಿಯಿತು. ಟೈಲರೂ ಬೇಕರಿಯವರೂ ಪುರಸಭೆಗೆ ಹೋಗಿ ಗುಮಾಸ್ತರ ಮೇಲಧಿಕಾರಿಯಾದ ಸಾಹೇಬರ ಮುಂದೆ ನಿಂತರು. ಸಾಹೇಬರಿಗೆ ತಲೆ ಬುಡ ತಿಳಿಯಲಿಲ್ಲ. ತಮಗೆ ತಿಳಿಯದ ಆದೇಶವೊಂದು ತಮ್ಮದೇ ಕಚೇರಿಯಲ್ಲಿ ಓಡಾಡುತ್ತಿದೆ ಎಂದರೆ ಯಾವ ಅಧಿಕಾರಿಗೆ ಸಮಾಧಾನವಿದ್ದೀತು? ಅವರನ್ನು ಹೊರಗೆ ಕೂರಿಸಿ, ಗುಮಾಸ್ತರನ್ನು ಒಳಗೆ ಕರೆಸಿದರು.

“ಏನ್ರೀ, ಬುಧವಾರ ನಿಮ್ಮ ಬೀದೀಲಿ ತೆಗೀತೀರಂತೆ?”

ಗುಟ್ಟು ಸಾಹೇಬರವರೆಗೂ ಮುಟ್ಟಿತಲ್ಲ ಎಂದು ಗುಮಾಸ್ತರಿಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಬಂದವು. “ಹೌದು ಸರ್. ಎಲ್ಲಾ ಮುಗಿದ ಮೇಲೆ ನಿಮಗೆ ತೋರಿಸೋಣ ಅಂತಿದ್ದೆ.”

“ಮುಗಿದ ಮೇಲೆ! ಯಾರ್ರೀ ನಿಮಗೆ ತೆಗೀರಿ ಅಂತ ಹೇಳಿದ್ದು?”

“ಹಿರಿಯರು ಸರ್. ತುಂಬಾ ಹಿರಿಯರು. ಅವರ ಮಾತು ಮೀರೋ ಹಾಗಿಲ್ಲ.”

ಸಾಹೇಬರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾದರು. “ಎಷ್ಟು... ಎಷ್ಟು ಮೇಲಿನವರು?”

“ಈ ವಿಷಯದಲ್ಲಿ ಅವರಿಗಿಂತ ಮೇಲೆ ಯಾರೂ ಇಲ್ಲ ಸರ್. ಒಂದು ಸಲ ನೋಡಿದರೆ ಸಾಕು, ಎಲ್ಲಿ ತಪ್ಪಾಗಿದೆ ಅಂತ ಬೆರಳಿಟ್ಟು ತೋರಿಸಿಬಿಡ್ತಾರೆ.”

“ನನ್ನ ಬಗ್ಗೆ ಏನಾದರೂ...?”

“ನಿಮ್ಮದೂ ಅವರ ಹತ್ರ ಇದೆ ಸರ್!” ಎಂದರು ಗುಮಾಸ್ತರು, ಉತ್ಸಾಹದಿಂದ. ಸಾಹೇಬರು ಹಿಂದೊಮ್ಮೆ ಗುರುತಿನ ಚೀಟಿಗೆ ಮುಖ ಕೊಟ್ಟು ಬಂದದ್ದು ಅವರಿಗೆ ನೆನಪಿತ್ತು. “ಆಫೀಸಿನವರೆಲ್ಲರದೂ ಇದೆ. ನೀವು ಮರೆತಿರಬಹುದು, ಅವರು ಒಂದನ್ನೂ ಎಸೆದಿಲ್ಲ. ಡಬ್ಬಿಗಳಲ್ಲಿ ಹಾಕಿ ಜೋಪಾನವಾಗಿ ಇಟ್ಟಿದಾರೆ. ಯಾರಾದರೂ ಕೇಳಿದರೆ ಎಷ್ಟು ಕಾಪಿ ಬೇಕಾದರೂ ಕೊಡ್ತಾರೆ.”

ಸಾಹೇಬರು ನೀರಿನ ಲೋಟಕ್ಕೆ ಕೈ ಹಾಕಿದರು. ಲೋಟ ಖಾಲಿಯಿತ್ತು, ಆದರೂ ಕುಡಿದರು.

“ಒಂದು ಮಾತು ಹೇಳಲಾ ಸರ್? ತಪ್ಪು ತಿಳೀಬೇಡಿ. ಒಂದಲ್ಲ ಒಂದು ದಿನ ನಿಮ್ಮನ್ನೂ ತೆಗೀಬೇಕು ಅಂತ ನನಗೆ ಬಹಳ ಆಸೆ. ಹೀಗೇ, ಈ ಕುರ್ಚೀಲಿ ಕೂತಿರೋವಾಗಲೇ.”

ಸಾಹೇಬರು ಎದ್ದು ನಿಂತು, ಜನನ ಮರಣ ವಿಭಾಗದ ಇತಿಹಾಸದಲ್ಲಿ ಮೊದಲ ಬಾರಿಗೆ, ಒಬ್ಬ ಗುಮಾಸ್ತನಿಗೆ ತಾವೇ ಬಾಗಿಲು ತೆರೆದು ಬೀಳ್ಕೊಟ್ಟರು. “ಬುಧವಾರ ಆಫೀಸಿಗೆ ನಿಧಾನವಾಗಿ ಬನ್ನಿ,” ಎಂದೂ ಸೇರಿಸಿದರು. ಎಂಥ ಕಲಾಪ್ರೇಮಿ! ಗುಮಾಸ್ತರ ಕಣ್ಣು ಒದ್ದೆಯಾಯಿತು.

ಹೊರಗಿದ್ದ ಇಬ್ಬರನ್ನು ಕರೆದು ಸಾಹೇಬರು ದನಿ ತಗ್ಗಿಸಿದರು. “ಮೇಲಿನಿಂದ ಬಂದಿದೆ. ನನ್ನ ಕೈಲಿಲ್ಲ. ಅವರು ಬಂದು ತೆಗೆಯೋಕೆ ಮೊದಲು ನೀವೇ ತೆಗೆದುಬಿಡಿ, ನಿಮಗೂ ಕ್ಷೇಮ, ನನಗೂ ಕ್ಷೇಮ.”

ಮಂಗಳವಾರವೆಲ್ಲ ಬೀದಿಯಲ್ಲಿ ಹಾರೆ ಗುದ್ದಲಿಗಳ ಸದ್ದು. ಗುಮಾಸ್ತರು ಕಚೇರಿ ಬಿಟ್ಟು, ಯಾರ ಕಣ್ಣಿಗೂ ಬೀಳಬಾರದೆಂದು ಹಿತ್ತಲ ಬಾಗಿಲಿಗೇ ಬಂದು ಬಚ್ಚಲು ಹೊಕ್ಕು, ಗಾಜು ಒರೆಸುತ್ತ, ಮುಚ್ಚಳ ತೆಗೆದಿದೆಯೋ ಎಂದು ಮತ್ತೆ ಮತ್ತೆ ನೋಡುತ್ತ, ರೀಲಿನ ಹಲ್ಲು ಕಚ್ಚಿದೆಯೋ ಎಂದು ಬೆರಳಲ್ಲಿ ತಡವುತ್ತ ಕೂತಿದ್ದರು. ಸದ್ದು ಕಿವಿಗೆ ಬಿದ್ದರೂ ‘ಪೈಪು ಹಾಕ್ತಿರಬೇಕು’ ಎಂದುಕೊಂಡರು. ಹೆಂಡತಿಯೂ ಉತ್ತರಪತ್ರಿಕೆಗಳ ರಾಶಿಯಿಂದ ತಲೆಯೆತ್ತಿ ಬೀದಿಗೆ ಇಣುಕಲಿಲ್ಲ.

ಬುಧವಾರ ಬೆಳಗಾಯಿತು. ಎಂಥ ಬೆಳಗು! ಮಾಡುಗಳ ಅಂಚಿಗೆ ಹೊನ್ನು ಹಚ್ಚಿ, ಗೋಡೆಗಳ ಹಣೆ ನೇವರಿಸಿ, ಬೀದಿಯ ಉದ್ದಕ್ಕೂ ಬಿಸಿಲು ಅಂಬೆಗಾಲಿಟ್ಟು ಬರುತ್ತಿತ್ತು. ಗುಮಾಸ್ತರು ಕೊರಳಿಗೆ ಕ್ಯಾಮರಾ ನೇತುಹಾಕಿಕೊಂಡು, ಮೇಲೆ ಕೋಟಿನ ಗುಂಡಿ ಹಾಕಿ, ಒಂದು ಕೈಲಿ ಟೇಪು ಒಂದು ಕೈಲಿ ಮೀಟರು ಹಿಡಿದು, ರಣಕ್ಕೆ ಹೊ‌ರಟ ವೀರನಂತೆ ಹೊಸ್ತಿಲು ದಾಟಿದರು. ಹೆಂಡತಿ ಹಿಂದೆಯೇ ಬಂದರು.

ಬೀದಿ ಬೋಳಾಗಿತ್ತು. ಟೈಲರ್ ಮೆಟ್ಟಿಲಿಲ್ಲ. ತಗಡಿನ ಮಾಡಿಲ್ಲ. ಉದ್ದಕ್ಕೂ ಕಲ್ಲಿನ ರಾಶಿಗಳು, ಅವುಗಳ ಪಕ್ಕ ಹಾರೆ ಹಿಡಿದು ಬೆವರಿದ ನೆರೆಹೊರೆಯವರು. ಮೂಲೆಮನೆಯ ಮುಂದೆ ಸಾಹೇಬರೇ ಟೈ ಕಟ್ಟಿಕೊಂಡು ನಿಂತು, ಪುರಸಭೆಯ ಆಳುಗಳಿಂದ ಕೊನೆಯ ಕಲ್ಲನ್ನು ಎತ್ತಿಸುತ್ತಿದ್ದರು. ಮೇಲೆ ಎದೆಯೆತ್ತರದ ಹೊಸ್ತಿಲಲ್ಲಿ ಅಜ್ಜಿ ನಿಂತಿದ್ದರು.

“ಅಯ್ಯೋ, ನನ್ನ ಮೆಟ್ಟಿಲು!” ಎಂದು ಗುಮಾಸ್ತರು ಕೂಗಿಕೊಂಡರು.

“ನಿನ್ನದಲ್ವೋ, ನನ್ನದು!” ಎಂದರು ಅಜ್ಜಿ ಮೇಲಿನಿಂದ.

ಸಾಹೇಬರು ಕೈ ಜೋಡಿಸಿಕೊಂಡು ಮುಂದೆ ಬಂದರು. “ನೋಡಿ, ನೀವು ಹೇಳಿದ್ದಕ್ಕಿಂತ ಮುಂಚೆಯೇ ತೆಗೆಸಿದೀನಿ. ಮೇಲಿನವರಿಗೆ ನನ್ನ ಬಗ್ಗೆ ಒಂದೊಳ್ಳೆ ಮಾತು...”

“ತೆಗೆಸಿಬಿಟ್ರಾ ಸರ್! ನಾನಿನ್ನೂ ತೆಗೆದೇ ಇಲ್ಲ!”

“ಇನ್ನೇನು ಉಳಿದಿದೆ ತೆಗೆಯೋಕೆ?”

ಗುಮಾಸ್ತರು ಕೋಟಿನ ಗುಂಡಿ ಬಿಚ್ಚಿ ಕ್ಯಾಮರಾ ಎತ್ತಿ ತೋರಿಸಿದರು.

ಒಂದು ಕಲ್ಲಿನ ರಾಶಿಯಿಂದ ಒಂದು ಚೂರು ಉರುಳಿದ್ದು ಎಲ್ಲರಿಗೂ ಕೇಳಿಸಿತು.

“ಅಂದ್ರೆ,” ಎಂದ ಟೈಲರ್, ಒಂದೊಂದೇ ಮಾತನ್ನು ಹೊಲಿಯುವಂತೆ, “ತೆಗೀತೀನಿ ಅಂದಿದ್ದು... ಫೋಟೋನಾ?”

“ಫೋಟೋ ಅನ್ನಬಾರದು ಅಂತ ತಾತ ಹೇಳಿದ್ರು.”

“ಯಾವ ತಾತ?” ಎಂದರು ಸಾಹೇಬರು.

“ಸ್ಟುಡಿಯೋ ತಾತ ಸರ್. ಹಿರಿಯರು ಅಂದೆನಲ್ಲ.”

“ನನ್ನದು ಅವರ ಹತ್ರ ಇದೆ ಅಂದಿದ್ದು?”

“ಪಾಸ್‌ಪೋರ್ಟ್ ಸೈಜು ಸರ್. ನೆಗೆಟಿವ್.”

ಸಾಹೇಬರು ಹತ್ತಿರದ ಕಲ್ಲಿನ ಮೇಲೆ ಕೂತುಬಿಟ್ಟರು. ಉಳಿದವರು ಕೂರಲಿಲ್ಲ. ಹಾರೆ, ಗುದ್ದಲಿ, ಸುತ್ತಿಗೆ ಹಿಡಿದ ಬೀದಿ ಒಂದೊಂದೇ ಹೆಜ್ಜೆಯಾಗಿ ಗುಮಾಸ್ತರ ಕಡೆಗೆ ಬರತೊಡಗಿತು. ಬೇಕರಿಯವರು ಅವರ ಕೈಯಿಂದ ಟೇಪು ಕಿತ್ತುಕೊಂಡರು. ಮೀಟರು ಟೈಲರ್ ಪಾಲಾಯಿತು. ಮುಂದೆ ಏನಾಗುತ್ತಿತ್ತೋ ದೇವರೇ ಬಲ್ಲ; ಅಷ್ಟರಲ್ಲಿ ಮೇಲಿನಿಂದ ಅಜ್ಜಿಯ ದನಿ ಕೇಳಿತು.

“ಲೋ, ಅವನನ್ನ ಆಮೇಲೆ ಹೊಡೀರಿ. ಮೊದಲು ನನ್ನ ಕೆಳಗಿಳಿಸಿ! ಹಾಲಿನವನು ಹೊರಟುಹೋಗ್ತಾನೆ. ಮೆಟ್ಟಿಲು ತೆಗೆಸಿದವನು ಯಾರು? ಅವನೇ ಬರಲಿ. ಏಳಯ್ಯ ಟೈನವನೇ!”

ಸಾಹೇಬರು ಎದ್ದರು. ಆ ದನಿಗೆ ಏಳದ ಅಧಿಕಾರಿ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಗುಮಾಸ್ತರ ವಿಭಾಗಕ್ಕೆ ತಿಳಿದಿರುತ್ತಿತ್ತು. ಅವರು ಹೊಸ್ತಿಲ ಕೆಳಗೆ ನಿಂತು ಎರಡೂ ತೋಳು ಚಾಚಿದರು. ಅಜ್ಜಿ ಅವರ ಟೈಯನ್ನು ಹಗ್ಗದಂತೆ ಹಿಡಿದು, “ನೋಡ್ಕೊಂಡು!” ಎನ್ನುತ್ತ, ಆರಾಮಕುರ್ಚಿಗೆ ಇಳಿಯುವಂತೆ ತೋಳುಗಳ ಮೇಲೆ ಕೂತರು. ಸಾಹೇಬರ ಮೊಣಕಾಲು ಬಾಗಿತು. “ಅಯ್ಯೋ, ಬಿದ್ರು ಬಿದ್ರು!” ಎಂದು ಇಡೀ ಬೀದಿ ಹಾರೆಗಳನ್ನು ಬಿಸಾಡಿ ಕೈ ಚಾಚಿಕೊಂಡು ಓಡಿತು.

ಗುಮಾಸ್ತರು ನೋಡಿದರು. ಚಾಚಿದ ಅಷ್ಟೂ ಕೈಗಳ ಮೇಲೆ, ನಗುತ್ತಿದ್ದ ಅಜ್ಜಿಯ ಮುಖದ ಮೇಲೆ, ಮೆಟ್ಟಿಲಿಗೆಂದು ಇಳಿದು ಬಂದಿದ್ದ ಬಿಸಿಲೆಲ್ಲ ಬಿದ್ದಿತ್ತು. ಟೇಪು ಇರಲಿಲ್ಲ. ಮೀಟರು ಇರಲಿಲ್ಲ. ಸೀಮೆಸುಣ್ಣದ ಗುರುತನ್ನು ಯಾರೋ ತುಳಿದು ಅಳಿಸಿದ್ದರು. ಅವರ ಕೈ ತಾನಾಗಿ ಕ್ಯಾಮರಾದ ಗಾಜಿನ ಸುತ್ತಲಿನ ಉಂಗುರ ತಿರುಗಿಸಿತು, ಕಾಲು ತಾನಾಗಿ ಹಿಂದೆ ಸರಿಯಿತು. ಇನ್ನೊಂದು ಹೆಜ್ಜೆ, ಇನ್ನೂ ಒಂದು... ಹಿಂದೆ ಚರಂಡಿ ಬಾಯಿ ತೆರೆದುಕೊಂಡಿತ್ತು. ಹೆಂಡತಿ ಹಿಂದಿನಿಂದ ಅವರ ಕೋಟಿನ ಕಾಲರನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು.

ಕ್ಲಿಕ್.

ಆಮೇಲೆ ಗುಮಾಸ್ತರಿಗೆ ಏಟು ಬೀಳಲಿಲ್ಲ. ಕಲ್ಲು ಬಿತ್ತು, ಹೆಗಲ ಮೇಲೆ. ಕಿತ್ತ ಮೆಟ್ಟಿಲುಗಳನ್ನೆಲ್ಲ ಮತ್ತೆ ಕಟ್ಟುವವರೆಗೂ ಅವರೇ ಹೊರಬೇಕೆಂದು ಬೀದಿ ಶಿಕ್ಷೆ ವಿಧಿಸಿತು. ಕಲ್ಲು ಇಳಿಸಿದ ಬಿಡುವಿನಲ್ಲೆಲ್ಲ ಅವರು ಕ್ಯಾಮರಾ ಎತ್ತಿದರು. ಇನ್ನು ಕಾನೂನಿನ ವಿಚಾರ. ಕೆಳಗಿಳಿಸಿದ ಅಜ್ಜಿಯನ್ನು ಹಾಲು ತಂದ ಮೇಲೆ ಮತ್ತೆ ಮೇಲೆ ಹತ್ತಿಸಬೇಕಾಗುತ್ತದೆಂಬುದು ಹೊಳೆದ ಕೂಡಲೇ ಸಾಹೇಬರ ನಿಲುವು ಬಹಳ ಮೃದುವಾಯಿತು. “ಹಿರಿಯ ನಾಗರಿಕರಿಗೆ ಮೆಟ್ಟಿಲು ಅವಶ್ಯ,” ಎಂದು ಅವರು ಸೊಂಟ ಹಿಡಿದುಕೊಂಡೇ ಘೋಷಿಸಿದರು. ಒಬ್ಬರಿಗೆ ಅವಶ್ಯವಾದದ್ದು ಪಕ್ಕದವರಿಗೆ ಬೇಡವೆನ್ನಲು ಸಾಹೇಬರಿಗೆ ಆ ಹೊತ್ತಿನಲ್ಲಿ ಉಸಿರಿರಲಿಲ್ಲ.

ಪ್ರದರ್ಶನದ ದಿನ ತಾತ ಗುಮಾಸ್ತರ ಚಿತ್ರಗಳನ್ನು ಒಂದೊಂದಾಗಿ ನೋಡಿ ಬದಿಗಿಟ್ಟರು. ಹೆಂಡತಿ ಕೈಕಟ್ಟಿ ನಿಂತಿದ್ದರು. ಕೊನೆಗೆ ತಾತನ ಕೈ ಒಂದರ ಮೇಲೆ ನಿಂತಿತು.

“ಇದು ಸೊಟ್ಟಗಿದೆ.”

“ಹೌದು ತಾತ.”

“ಇವರ ಕೈಯೆಲ್ಲ ಅಲ್ಲಾಡಿಹೋಗಿದೆ.”

“ಹೌದು.”

“ಅಳೆದು ತೆಗೆದಿರಾ?”

“ಇಲ್ಲ ತಾತ. ಟೇಪು ಬೇಕರಿಯವರು ಕಿತ್ಕೊಂಡಿದ್ರು.”

ತಾತ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಅವರು ಎದ್ದು, ಬಾಗಿಲಿಗೆ ನೇರ ಎದುರಿದ್ದ ಗೋಡೆಗೆ ತಾವೇ ಮೊಳೆ ಹೊಡೆದರು.

ಸಂಜೆ ಬೀದಿಗೆ ಬೀದಿಯೇ ಗ್ರಂಥಾಲಯಕ್ಕೆ ಬಂತು. ಸಾಹೇಬರು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. “ನನ್ನ ಟೈ ಇನ್ನೂ ಸ್ವಲ್ಪ ಕಾಣಬೇಕಿತ್ತು,” ಎಂದರು ಸಾಹೇಬರು. ಟೈಲರ್ ತನ್ನ ಕೈ ಯಾವುದೆಂದು ಬಂದವರಿಗೆಲ್ಲ ತೋರಿಸಿದ. ಬೇಕರಿಯವರು ಅದು ತಮ್ಮ ಕೈ ಎಂದು ವಾದಿಸಿದರು. ಅಜ್ಜಿ ಚಿತ್ರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಬಂದವರಿಂದ ನಮಸ್ಕಾರ ಸ್ವೀಕರಿಸಿದರು.

ಮನೆಗೆ ಮರಳುವಾಗ ಬೀದಿದೀಪಗಳು ಆಗತಾನೇ ಹತ್ತುತ್ತಿದ್ದವು. ಹೆಂಡತಿ ಮುಂದೆ ಮುಂದೆ ನಡೆಯುತ್ತಿದ್ದರು. ಗುಮಾಸ್ತರಿಗೆ ಅಳುಕಾಯಿತು.

“ಗೋಡೆ ಹತ್ತಿತಲ್ಲ ಕಣೇ.”

“ಹತ್ತಿತು. ಮಾತು ಅಂದರೆ ಮಾತು, ಬಚ್ಚಲು ನಿಮ್ಮದು.” ನಾಲ್ಕು ಹೆಜ್ಜೆ ಹೋಗಿ ತಿರುಗಿದರು. “ಅಲ್ಲ ರೀ, ಇಡೀ ಬೀದಿ ಆ ಚಿತ್ರದಲ್ಲಿದೆ. ಈ ಬೀದೀನ ಹಿಂದೆ ಕಣ್ಣಿಂದ ಕೂಡ ಕಂಡಿರದ ಪುರಸಭೆ ಆಳು ಇದಾನೆ, ಹಾಲಿನವನ ಸೈಕಲ್ಲಿದೆ. ನಾನೆಲ್ಲಿ?”

ಗುಮಾಸ್ತರು ನಿಂತರು. ಆಕೆ ಎಲ್ಲಿದ್ದರೆಂಬುದು ಅವರ ಕೊರಳಪಟ್ಟಿಗೆ ಚೆನ್ನಾಗಿ ಗೊತ್ತಿತ್ತು. ಅವರು ಕ್ಯಾಮರಾ ಕೈಗೆ ತೆಗೆದುಕೊಂಡರು.

“ಅಲ್ಲೇ ನಿಲ್ಲು. ಆ ದೀಪದ ಕೆಳಗೆ.”

“ಈಗಲಾ? ತಲೆ ಕೂಡ ಸರಿಯಾಗಿ ಬಾಚಿಲ್ಲ!” ಎಂದರಾದರೂ ಅವರು ಹೋಗಿ ನಿಂತರು, ಸೆರಗು ಸರಿಮಾಡಿಕೊಂಡರು, ನಗಬಾರದೆಂದು ತುಟಿ ಬಿಗಿದರು. ಕಿಂಡಿಯಲ್ಲಿ ಆ ಮುಖ ಇಷ್ಟಗಲವಾಗಿ ಬಂತು. ದೀಪವೂ ಬರಬೇಕು. ಗುಮಾಸ್ತರು ಒಂದು ಹೆಜ್ಜೆ ಹಿಂದೆ ಸರಿದರು. ಮೆಟ್ಟಿಲೂ ಬರಲಿ. ಇನ್ನೊಂದು ಹೆಜ್ಜೆ. ಆ ಗೋಡೆ, ಆ ನೆರಳು, ಇನ್ನೂ ಒಂದೇ ಒಂದು...

ಈ ಸಲ ಕಾಲರ್ ಹಿಡಿಯಬೇಕಾದವರು ಎದುರಿಗಿದ್ದರು.

ದಪ್ಪೆಂದು ಸದ್ದಾಯಿತು. ಹೆಂಡತಿ ಓಡಿ ಬಂದು ಬಗ್ಗಿ ನೋಡಿದರೆ, ಗುಮಾಸ್ತರು ಸೊಂಟದವರೆಗೆ ಚರಂಡಿಯ ಕೆಸರಿನಲ್ಲಿ ಕೂತು, ಎರಡೂ ಕೈಗಳನ್ನು ನೆತ್ತಿಯ ಮೇಲೆತ್ತಿ ಕ್ಯಾಮರಾ ಹಿಡಿದುಕೊಂಡಿದ್ದರು.

“ರೀ!” ಎಂದು ಆಕೆ ಗಾಬರಿಯಿಂದ ಕೈ ಚಾಚಿದರು. “ಕ್ಯಾಮರಾಗೆ ಏನೂ ಆಗಿಲ್ಲ ತಾನೆ?”